ಎಡಗಾಲಿನ ವಾಷರ್

ನಲ್ಲಿಯಲ್ಲಿ ನೀರು ಬಂತೆಂದರೆ ಸರಸ್ವತಿ ನಗರದ ಆ ಓಣಿಯಲ್ಲಿ ಉಳಿದ ಕೆಲಸಗಳೆಲ್ಲ ಪಕ್ಕಕ್ಕೆ ಸರಿಯಲೇಬೇಕು. ಅಂಬಿಕಾ ಹಾಲಿನ ಉರಿ ಆರಿಸಿ, ಪೈಪಿನ ತುದಿಯನ್ನು ಡ್ರಮ್ಮಿಗೆ ಇಳಿಬಿಟ್ಟು, ಕೊಡಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಳು. ಭಾನುವಾರ. ಮಗಳು ಸಹನಾ ಇನ್ನೂ ಎದ್ದಿರಲಿಲ್ಲ.

ಗೇಟಿನ ಚಿಲಕ ಖಣ್ ಎಂದಿತು.

ತಿರುಗಿ ನೋಡಿದರೆ ಯಾರೂ ಇಲ್ಲ. ಹಾಲಿನ ಚೀಲ ನೇತುಹಾಕುವ ಕೊಕ್ಕೆಯಲ್ಲಿ ಇನ್ನೊಂದು ಚೀಲ ತೂಗಾಡುತ್ತಿತ್ತು. ಅವಳು ಕೊಡವನ್ನು ಅಲ್ಲೇ ಬಿಟ್ಟು ಗೇಟಿಗೆ ಓಡುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಬೈಕಿನ ಸದ್ದು ಮಾತ್ರ ಉಳಿದಿತ್ತು.

“ಅಂಬಿಕಾ! ಡ್ರಮ್ ತುಂಬಿ ಹರೀತಾ ಐತೆ ನೋಡು ಬೇಟಿ!” ಎದುರುಮನೆಯ ದಿಲ್ಷಾದ್ ಬೇಗಂ ತಮ್ಮ ಕೊಡವನ್ನು ಸೊಂಟದಲ್ಲಿಟ್ಟುಕೊಂಡೇ ಕೂಗಿದರು.

“ಹರೀಲಿ ಆಪಾ. ಈಗ ಹೋದನಲ್ಲ, ಯಾರು ನೋಡಿದ್ರಾ?”

“ಹೆಲ್ಮೆಟ್ ಹಾಕಿದ್ದ, ಮುಖ ಕಾಣ್ಲಿಲ್ಲ. ಕೊರಿಯರ್‌ನವ ಅಂದ್ಕೊಂಡೆ.”

“ಕೊರಿಯರ್‌ನವರು ಬೆಲ್ ಮಾಡದೆ ಹೋಗ್ತಾರಾ?”

“ಅದೂ ಖರೇನೇ. ಬೈಕನ್ನೂ ತಳ್ಕೊಂಡೇ ಬಂದ ನೋಡು. ಹೋಗುವಾಗ ಶುರು ಮಾಡಿದ.” ದಿಲ್ಷಾದ್ ಬೇಗಂ ಚೀಲದ ಕಡೆ ಕತ್ತು ಚಾಚಿದರು. “ಕಳ್ಳ ಆದ್ರೆ ಒಯ್ತಾನೆ. ಇವ ಇಟ್ಟು ಹೋದ. ಇಂಥಾ ಕಳ್ಳ ನಮ್ಮನಿಗೂ ಬರ್ಲಿ, ಬಾಗಿಲು ತೆಗದೇ ಮಲಗ್ತೀನಿ.”

ಬೇರೆ ದಿನವಾಗಿದ್ದರೆ ಅಂಬಿಕಾ ನಗುತ್ತಿದ್ದಳು. ಆದರೆ ಚೀಲದ ಬಾಯಿ ಬಿಚ್ಚುತ್ತಿದ್ದಂತೆ ಮೂಗಿಗೆ ಬಡಿದ ವಾಸನೆ ಅವಳನ್ನು ನಿಂತಲ್ಲೇ ನಿಲ್ಲಿಸಿತು.

ಲೇತ್ ಮಷೀನಿನ ಎಣ್ಣೆ.

ಅಂಗಡಿಯ ಡಬ್ಬಿಯಿಲ್ಲ, ಬಣ್ಣದ ಕಾಗದವಿಲ್ಲ. ಕಾರ್ಖಾನೆಯಲ್ಲಿ ಕೈ ಒರೆಸಿಕೊಳ್ಳುವ ನೂಲಿನ ಉಂಡೆ, ಅದರೊಳಗೆ ಮಗುವನ್ನು ಸುತ್ತಿದ ಹಾಗೆ ಸುತ್ತಿಟ್ಟ ಒಂದು ಕೆಂಪು ಆಟಿಕೆ ಲಾರಿ. ಮಡಚಿದರೆ ಲಾರಿ, ಬಿಚ್ಚಿದರೆ ರೋಬೋ.

ಈ ಮನೆಯಲ್ಲಿ ಅಂಥದ್ದು ಆಗಲೇ ಒಂದಿತ್ತು.

ಅಂಬಿಕಾ ನೂಲಿನ ಉಂಡೆಯನ್ನು ಮೂಗಿಗೆ ಹಿಡಿದಳು. ಒಂದು ಕಾಲಕ್ಕೆ ಈ ವಾಸನೆ ಹೋಗಲೆಂದು ಗಂಡನ ಅಂಗಿಗಳನ್ನು ಬಿಸಿನೀರಲ್ಲಿ ನೆನೆಸಿ, ಉಜ್ಜಿ ಉಜ್ಜಿ ಸಾಕಾಗುತ್ತಿದ್ದಳು. ಈಗ ಬೀರುವಿನಲ್ಲಿರುವ ಅಷ್ಟೂ ಅಂಗಿಗಳಿಗೆ ಸೋಪಿನ ವಾಸನೆ ಮಾತ್ರ. ಒಂದನ್ನಾದರೂ ಒಗೆಯದೆ ಬಿಡಬಾರದಿತ್ತೇ ಎಂದು ಎಷ್ಟು ಸಲ ಅಂದುಕೊಂಡಿದ್ದಳೋ.

ಹೋದ ವರ್ಷ ಆಯುಧಪೂಜೆಯ ಮರುದಿನ ಹರಿಹರದ ಹೊಳೆ ಸೇತುವೆಯ ಮೇಲೆ ಅವಳ ಗಂಡ ಯೋಗರಾಜನ ಬೈಕು ಸಿಕ್ಕಿತ್ತು, ಅದರ ಪಕ್ಕದಲ್ಲಿ ಜೋಡಿಸಿಟ್ಟ ಚಪ್ಪಲಿ ಸಿಕ್ಕಿತ್ತು, ಯೋಗರಾಜ ಸಿಕ್ಕಿರಲಿಲ್ಲ.

ಹುಡುಕುವವರು ಹುಡುಕಿ ಸುಮ್ಮನಾದರು. ಮಾತಾಡುವವರು ಮಾತಾಡಿ ಮರೆತರು. ಆದರೆ ಶಾಮನೂರಿನಲ್ಲಿರುವ ಮೈದುನ ತಿಮ್ಮೇಶ್ ಮರೆಯುವವನಲ್ಲ. ಬರುವ ಬುಧವಾರ ಮಹಾಲಯ ಅಮಾವಾಸ್ಯೆ. ಹಿರಿಯರ ಫೋಟೋಗಳ ಮುಂದೆ ಎಡೆ ಇಡುವ ದಿನ. ಹೋದ ವಾರ ಅವಳನ್ನು ತನ್ನ ಮನೆಗೆ ಕರೆಸಿ, ಗಾಜು ಹಾಕಿಸಿದ ಯೋಗರಾಜನ ಫೋಟೋವನ್ನು ಅವಳ ಮಡಿಲಿಗೆ ಇಟ್ಟಿದ್ದ.

“ವರ್ಷ ತುಂಬಾಕ ಬಂತು ಅತ್ತಿಗೆ. ಎಡೆ ಇಡದಿದ್ರೆ ಅಣ್ಣನ ಜೀವ ಅಲ್ದಾಡತೈತೆ. ಮಾನಾಮಿ ಅಮಾಸೆಗೆ ಅಪ್ಪನ ಪಕ್ಕ ಇವಂದೂ ಇಡಾನ.”

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಕೊಟ್ರವ್ವ ಎಲೆಗೆ ಸುಣ್ಣ ಸವರುತ್ತಾ, ತಲೆ ಎತ್ತದೆಯೇ ಅಂದಿದ್ದರು: “ಫೋಟೋ ಈ ವರ್ಷ ಬ್ಯಾಡ ತಿಮ್ಮೇಶ.”

“ಯಾಕ ಬ್ಯಾಡ ಅವ್ವ?”

ಕೊಟ್ರವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಹೆತ್ತ ಕರುಳು, ಎಂದುಕೊಂಡಿದ್ದಳು ಅಂಬಿಕಾ. ಮರುದಿನವೇ ಮುದುಕಿ ಮಗಳ ಮನೆಯಿರುವ ಕೊಕ್ಕನೂರಿಗೆ ಬಸ್ಸು ಹತ್ತಿದ್ದರು.

“ಬುಧವಾರದ ತನಕ ತಡೀರಿ,” ಎಂದು ಅಂಬಿಕಾ ಮೈದುನನಿಗೆ ಹೇಳಿ ಬಂದಿದ್ದಳು. “ಅವ್ರು ಬದುಕಿದಾರೆ ಅನ್ನೋದಕ್ಕೆ ಅಷ್ಟರಾಗ ಏನೂ ಸಿಗಲಿಲ್ಲ ಅಂದ್ರೆ, ನಾನೇ ಕೈಯಾರೆ ಹಾರ ಹಾಕ್ತೀನಿ. ಆಮೇಲೆ ಒಂದು ಮಾತೂ ಆಡಲ್ಲ.”

ಆ ಫೋಟೋ ಈಗ ಬೀರುವಿನ ಮೇಲೆ, ಗೋಡೆಗೆ ಮುಖ ಮಾಡಿ ಕುಳಿತಿತ್ತು.

*

“ಅಮ್ಮ, ಇದು ನಮ್ಮ ಲಾರಿಯಣ್ಣನ ತಮ್ಮ!”

ಸಹನಾ ಹಾಸಿಗೆಯಿಂದ ಎದ್ದವಳು ಮುಖ ಕೂಡ ತೊಳೆಯದೆ ಹೊಸ ಲಾರಿಯ ಮುಂದೆ ಚಕ್ಕಳಮಕ್ಕಳ ಹಾಕಿದ್ದಳು. ಮೂರನೇ ಕ್ಲಾಸಿನ ಹುಡುಗಿ. ಅಪ್ಪನ ಹಾಗೆಯೇ, ಕೈಗೊಂದು ವಸ್ತು ಸಿಕ್ಕರೆ ಲೋಕವನ್ನೇ ಮರೆಯುವವಳು. ಓಡಿಹೋಗಿ ದಿಂಬಿನ ಪಕ್ಕದಲ್ಲಿದ್ದ ಹಳೆಯದನ್ನು ತಂದು ಪಕ್ಕದಲ್ಲಿಟ್ಟಳು.

ಹಳೆಯ ರೋಬೋದ ಬಲಗೈಗೆ ಹಸಿರು ಬಟ್ಟೆಯ ಪಟ್ಟಿ ಸುತ್ತಿತ್ತು. ಅಂಬಿಕಾ ಹೊಲಿಯುವ ಬ್ಲೌಸುಗಳ ಚೂರು. ಬೇಸಿಗೆ ರಜೆಗೆ ಅಜ್ಜಿಯ ಜೊತೆ ಕೊಕ್ಕನೂರಿಗೆ ಹೋಗಿ ಬಂದಾಗಿನಿಂದಲೂ ಅದು ಹಾಗೇ ಇತ್ತು. “ಪೆಟ್ಟಾಗೈತೆ, ಬಿಚ್ಚಬ್ಯಾಡ,” ಎಂದಿದ್ದಳು ಸಹನಾ. ಮಕ್ಕಳ ಆಟ. ಅಂಬಿಕಾ ಬಿಚ್ಚಿರಲಿಲ್ಲ.

“ಎತ್ತಿ ನೋಡಮ್ಮ. ಹಳೇದು ಎಷ್ಟು ಭಾರ ಐತೆ.”

ಅಂಬಿಕಾ ಎರಡು ಕೈಯಲ್ಲಿ ಎರಡನ್ನು ಹಿಡಿದಳು. ಹೌದು. ಹಳೆಯದರ ಎದೆ ಎರಕದ್ದು, ಚಕ್ರ ರಬ್ಬರಿನದು. ಹೊಸದರ ಎದೆ ಪ್ಲಾಸ್ಟಿಕ್, ಚಕ್ರವೂ ಪ್ಲಾಸ್ಟಿಕ್. ಬಣ್ಣ ಮಾತ್ರ ಹೊಸದರದ್ದೇ ಹೊಳಪು. ಹಳೆಯದರ ಕೆಂಪು ಬಾಗಿಲುಗಳ ಅಂಚಿನಲ್ಲಿ ಸವೆದು, ಒಳಗಿನ ಬೂದು ಲೋಹ ಕಾಣುತ್ತಿತ್ತು. ಅಲ್ಲೆಲ್ಲ ಹೆಬ್ಬೆರಳು ಇಟ್ಟೇ ಅದನ್ನು ಬಿಚ್ಚಬೇಕು. ದೊಡ್ಡ ಹೆಬ್ಬೆರಳು ಒಂದು, ಪುಟ್ಟದು ಒಂದು.

“ಹಳೇದಕ್ಕೆ ಮೊದ್ಲು ತಲೆ ತಿರುಗಿಸ್ಬೇಕು, ಇಲ್ಲಾಂದ್ರೆ ಕೈ ಸಿಕ್ಕಾಕ್ಕೊಳತ್ತೆ. ಆಮೇಲೆ ಎದೆ, ಆಮೇಲೆ ಕೈ. ಹೊಸದಕ್ಕೆ ಅದೇನೂ ಇಲ್ಲ. ನೋಡು, ಈ ಗುಂಡಿ ಒತ್ತಿದ್ರೆ...” ಟಕ್ಕನೆ ಎರಡೂ ಕೈ ಹೊರಗೆ ಚಿಮ್ಮಿದವು. ಸಹನಾಳ ಮುಖದಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ. “ಜಲ್ದಿ ಆಗಿಬಿಡತ್ತೆ. ಅಪ್ಪ ಆಗಿದ್ರೆ ಬೈತಿದ್ದ.”

“ಯಾಕ ಬೈತಿದ್ರು?”

“ಇಷ್ಟು ಜಲ್ದಿ ಆದ್ರೆ ಇಬ್ರೂ ಕೂತು ಏನ್ ಮಾಡೋದು ಅಂತ.”

ಅಂಬಿಕಾ ಮಗಳ ಕೆದರಿದ ಜಡೆಯನ್ನು ಸುಮ್ಮನೆ ಬಿಚ್ಚತೊಡಗಿದಳು. ಏನಾದರೂ ಮಾಡುತ್ತಿದ್ದರೆ ಕಣ್ಣು ತುಂಬುವುದಿಲ್ಲ.

ಸಹನಾ ಹೊಸ ಲಾರಿಯ ಮೂತಿಯ ಮುಚ್ಚಳ ಎತ್ತಿದಳು. ಒಳಗಿನಿಂದ ಏನೋ ನೆಲಕ್ಕೆ ಬಿದ್ದು ಟಣ್ ಎಂದಿತು. ಮರುಕ್ಷಣ ಅದು ಅವಳ ಮುಷ್ಟಿಯೊಳಗಿತ್ತು.

“ಏನದು?”

“ಏನಿಲ್ಲ.” ಮುಷ್ಟಿ ಬೆನ್ನ ಹಿಂದೆ ಹೋಯಿತು. “ಆಟದ್ದು. ನನ್ ಹತ್ರ ಇರ್ಲಿ.”

“ಬಾಯಿಗೆ ಹಾಕ್ಕೋಬ್ಯಾಡ ಮತ್ತೆ.”

“ನಾನೇನು ಪಾಪುನಾ?” ಎಂದಳು ಸಹನಾ. ಆಮೇಲೆ ತಾಯಿಯ ಮುಖವನ್ನೇ ನೋಡುತ್ತಾ, “ಅಮ್ಮ...” ಎಂದು ನಿಲ್ಲಿಸಿದಳು.

“ಏನು?”

“ಏನಿಲ್ಲ.”

ಆ ಪ್ರಶ್ನೆಗಾಗಿ ಅಂಬಿಕಾ ವರ್ಷದಿಂದ ಕಾಯುತ್ತಿದ್ದಳು. ‘ಅಪ್ಪ ಸತ್ತುಹೋದನಾ?’ ಪಾತ್ರೆ ತೊಳೆಯುತ್ತಾ, ಗುಂಡಿ ಹೊಲಿಯುತ್ತಾ, ಅದಕ್ಕೆ ನೂರು ಉತ್ತರ ಕಟ್ಟಿ ನೂರನ್ನೂ ಕೆಡವಿದ್ದಳು. ಮಗು ಕೇಳಿರಲಿಲ್ಲ. ಕೇಳದೆ ಇರುವುದೇ ಹೆಚ್ಚು ಭಾರವಾಗಿತ್ತು.

ಅಷ್ಟರಲ್ಲಿ ಹೊಸ ರೋಬೋ ಧೊಪ್ಪೆಂದು ಬಿತ್ತು.

ಸಹನಾ ಎತ್ತಿ ನಿಲ್ಲಿಸಿದಳು. ಅದು ಬಲಕ್ಕೆ ವಾಲಿ ಮತ್ತೆ ಬಿತ್ತು. “ಹೊಸಬನಿಗೆ ನಿಲ್ಲಕ್ಕೇ ಬರಲ್ಲ. ನಮ್ಮ ಲಾರಿಯಣ್ಣ ನೋಡು, ಹೆಂಗೆ ನಿಂತಾನೆ!”

ಹಳೆಯದು ನಿಂತಿತ್ತು. ಆದರೆ ಅದೂ ಹುಟ್ಟಾ ನಿಂತಿದ್ದಲ್ಲ. ಅಂಬಿಕಾಳಿಗೆ ಚೆನ್ನಾಗಿ ನೆನಪಿತ್ತು. ಸಹನಾಳ ಐದನೇ ಹುಟ್ಟುಹಬ್ಬಕ್ಕೆ ತಂದ ದಿನ ಅದು ನಿಲ್ಲದೆ ಎಡಕ್ಕೇ ಬಿದ್ದು ಬಿದ್ದು ಮಗು ಅತ್ತು ರಂಪ ಮಾಡಿತ್ತು. ಎಡಗಾಲಿನ ಎರಕ ಕೂದಲೆಳೆಯಷ್ಟು ಗಿಡ್ಡ. ಮರುದಿನ ಯೋಗರಾಜ ಅದನ್ನು ಹರಿಹರದ ತನ್ನ ಲೇತ್ ಶಾಪಿಗೆ ಒಯ್ದು, ಹಿಮ್ಮಡಿಗೆ ತೆಳ್ಳಗಿನ ಹಿತ್ತಾಳೆ ವಾಷರ್ ಕೂರಿಸಿ ತಂದಿದ್ದ.

ಅಂಬಿಕಾ ಹೊಸ ರೋಬೋವನ್ನು ತಲೆಕೆಳಗು ಮಾಡಿದಳು.

ಎಡ ಹಿಮ್ಮಡಿಯ ಕೆಳಗೆ ತೆಳ್ಳಗಿನ ಹಿತ್ತಾಳೆ ವಾಷರ್.

ಅವಳು ಹಳೆಯದನ್ನು ಪಕ್ಕದಲ್ಲಿ ಹಿಡಿದಳು. ಅದೇ ಅಳತೆ, ಅದೇ ಅಂಚು. ನಡುವಿನ ಸ್ಕ್ರೂವಿನ ಗೆರೆ ಎರಡರಲ್ಲೂ ನೇರವಾಗಿ ರೋಬೋದ ಕಾಲ್ಬೆರಳಿನ ಕಡೆಗೆ ಮುಖ ಮಾಡಿತ್ತು.

ಈ ಮನೆಯ ಯಾವ ಸ್ವಿಚ್ ಬೋರ್ಡ್ ನೋಡಿದರೂ ಅಷ್ಟೇ. ಸ್ಕ್ರೂಗಳ ಗೆರೆಗಳೆಲ್ಲ ಸಾಲಾಗಿ ನಿಂತ ಶಾಲೆಯ ಮಕ್ಕಳ ಹಾಗೆ ನೆಟ್ಟಗೆ. “ಗೆರೆ ಸೊಟ್ಟ ಇದ್ರೆ ನಂಗೆ ನಿದ್ದೆ ಬರಲ್ಲ ಕಣೆ,” ಎನ್ನುತ್ತಿದ್ದ ಯೋಗರಾಜ. ಬಿಗಿಯೂ ಆಗಬೇಕು, ಗೆರೆಯೂ ನೆಟ್ಟಗೆ ಬರಬೇಕು. ಅದಕ್ಕಾಗಿ ವಾಷರನ್ನು ಉಜ್ಜುಕಾಗದದ ಮೇಲೆ ತಿಕ್ಕುತ್ತಾ ಕೂರುತ್ತಿದ್ದ. ಊಟ ಆರಿ ಹೋಗುತ್ತಿತ್ತು. ಅವಳು ಬೈಯುತ್ತಿದ್ದಳು.

ಹೊಲಿಗೆ ಮಷೀನಿನ ಡ್ರಾಯರಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅಂಬಿಕಾ ಹೊಸದರ ವಾಷರ್ ಬಿಚ್ಚಿದಳು. ರೋಬೋವನ್ನು ನೆಲದ ಮೇಲಿಟ್ಟಳು.

ಅದು ನಿಂತಿತು. ಅಲುಗದೆ, ವಾಲದೆ.

“ಓ! ಅದನ್ನ ಹಾಕಿದ್ದಕ್ಕೇ ಬೀಳ್ತಿತ್ತು!” ಎಂದಳು ಸಹನಾ. “ಯಾರಮ್ಮ ಹಾಕಿದ್ದು, ದಡ್ಡರು!”

ದಡ್ಡರಲ್ಲ. ಹೊಸದರ ಕಾಲುಗಳಲ್ಲಿ ದೋಷವೇ ಇರಲಿಲ್ಲ. ಇದನ್ನು ಹಾಕಿದ ಕೈ ಇದನ್ನು ನಿಲ್ಲಿಸಿ ನೋಡಿಲ್ಲ. ಹಳೆಯದನ್ನು ನೆನೆದು, ಈ ಸಲ ಮಗು ಅಳಬಾರದು ಎಂದು ಮೊದಲೇ ಕಾಲಿಗೆ ಆಸರೆ ಕೊಟ್ಟು ಕಳಿಸಿದೆ. ಹಾಗೆ ಕೊಟ್ಟ ಆಸರೆಯಿಂದಲೇ ಅದು ಬಿದ್ದಿದೆ.

ಅಂಬಿಕಾ ವಾಷರನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

“ಮುಖ ತೊಳ್ಕೋ ಪುಟ್ಟಿ. ಹರಿಹರಕ್ಕೆ ಹೋಗ್ಬರೋಣ.”

*

ಬಸ್ಸಿನಲ್ಲಿ ಅಂಬಿಕಾಳ ಪಕ್ಕದ ಸೀಟಿನ ಹೆಂಗಸು ಮಾತಿಗೆಳೆದಳು. ಯಾವ ಊರು, ಎಷ್ಟು ಮಕ್ಕಳು, ಯಜಮಾನರು ಏನು ಮಾಡುತ್ತಾರೆ.

“ಲೇತ್ ಶಾಪ್ ಐತೆ,” ಎಂದಳು ಅಂಬಿಕಾ.

ಸುಳ್ಳೂ ಅಲ್ಲ, ನಿಜವೂ ಅಲ್ಲ. ವರ್ಷದಿಂದ ಅವಳ ಬದುಕು ಆ ನಡುವಿನ ಜಾಗದಲ್ಲೇ ಇತ್ತು. ಮೊನ್ನೆ ಓಣಿಯ ಚೌಡೇಶ್ವರಿಯ ಮನೆಯಲ್ಲಿ ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಹೋದಾಗ, ಬಟ್ಟಲು ಹಿಡಿದು ಸಾಲಾಗಿ ಬಂದ ಚೌಡೇಶ್ವರಿ ಅವಳ ಮುಂದೆ ಒಂದು ಗಳಿಗೆ ನಿಂತಳು. ಕೊಡುವುದೋ, ಮುಂದೆ ಹೋಗುವುದೋ? ಒಂದೇ ಗಳಿಗೆ. ಆಮೇಲೆ ಕೊಟ್ಟಳು, ನಕ್ಕಳು, “ಊಟ ಮಾಡ್ಕೊಂಡೇ ಹೋಗ್ರಿ” ಎಂದಳು. ಆದರೆ ಆ ಗಳಿಗೆಯಲ್ಲಿ ಮನೆತುಂಬ ಇದ್ದ ಹೆಂಗಸರ ನಡುವೆ ಅಂಬಿಕಾ ಒಬ್ಬಳೇ ಕೂತಿದ್ದಳು.

“ಅಮ್ಮ...” ಸಹನಾ ಕಿಟಕಿಯಿಂದ ಮುಖ ತಿರುಗಿಸಿದಳು.

“ಹೇಳು.”

“ಏನಿಲ್ಲ.”

ಅವಳ ಬಲಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಬಗ್ಗಿ ಕೇಳಿದ: “ಏನವ್ವ, ಮುಷ್ಟಿಯಾಗ ಪೇಡ ಇಟ್ಕೊಂಡೀಯೇನು? ನಂಗೊಂದು ಕೊಡು.” ಸಹನಾ ನಗಲಿಲ್ಲ. ಮುಷ್ಟಿಯನ್ನು ಫ್ರಾಕಿನ ಮಡಿಕೆಯೊಳಗೆ ಇಳಿಸಿಕೊಂಡಳು.

ಬಸ್ಸು ಸೇತುವೆ ದಾಟಬೇಕಾಗಿರಲಿಲ್ಲ. ಅದರ ಈಚೆಗೇ ನಿಲ್ದಾಣ. ಪ್ರತಿ ಸಲದಂತೆ ಈ ಸಲವೂ ಅಂಬಿಕಾ ಹೊಳೆಯಿರುವ ದಿಕ್ಕಿಗೆ ಬೆನ್ನು ಮಾಡಿ ಇಳಿದಳು.

*

ಶಾಪಿನ ಷಟರ್ ಅರ್ಧ ತೆರೆದಿತ್ತು. ಭಾನುವಾರ ಕೆಲಸವಿಲ್ಲ, ಆದರೆ ಮಷೀನು ಒರೆಸುವ ದಿನ. ಅದು ಯೋಗರಾಜ ಮಾಡಿಟ್ಟ ಪದ್ಧತಿ. ಅವನ ಜೊತೆ ಪಾಲುದಾರನಾಗಿದ್ದ ದಿನೇಶ್ ಈಗ ಒಬ್ಬನೇ ಶಾಪ್ ನಡೆಸುತ್ತಿದ್ದ. ಹೊರಗೆ ನಿಂತ ಅವನ ಬೈಕಿನ ಕನ್ನಡಿಗೆ ಹೆಲ್ಮೆಟ್ ತೂಗುತ್ತಿತ್ತು.

“ಅತ್ತಿಗೆ! ಬರ್ರಿ ಬರ್ರಿ, ಕೂಡ್ರಿ.” ದಿನೇಶ್ ಗಡಿಬಿಡಿಯಿಂದ ಸ್ಟೂಲು ಒರೆಸಿದ. “ಪುಟ್ಟೀನೂ ಬಂದಾಳೆ! ಚಾ ತರಿಸ್ಲಾ?”

“ನೀವೇ ಕುಡೀರಿ. ಬೆಳಬೆಳಿಗ್ಗೆ ಓಣಿ ತುಂಬ ಬೈಕ್ ತಳ್ಕೊಂಡು ಬಂದು ದಣಿದಿರ್ಬೇಕು.”

ದಿನೇಶನ ಕೈಯಲ್ಲಿದ್ದ ಬಟ್ಟೆ ನಿಂತಿತು. ಒಂದು ಕ್ಷಣ ಅವನು ಷಟರಿನ ಕಡೆ ನೋಡಿದ. ಆಮೇಲೆ ಹಲ್ಲುಬಿಟ್ಟ.

“ಸಿಕ್ಕಾಕ್ಕೊಂಡೆ ಬಿಡ್ರಿ. ನಾನೇ. ಪುಟ್ಟಿಗೆ ಅಂತ ತಂದಿದ್ದೆ. ಕೈಯಾರೆ ಕೊಟ್ರೆ ನೀವು ಬ್ಯಾಡ ಅಂತೀರಿ ಅಂತ...”

“ಒಳ್ಳೇದಾತು. ಈ ವಾಷರ್?” ಅಂಬಿಕಾ ಅಂಗೈ ಬಿಡಿಸಿದಳು.

“ಅದೂ ನಾನೇ. ಹಳೇದಕ್ಕೆ ಅಣ್ಣ ಹಾಕಿದ್ನಲ್ಲ, ಅದನ್ನ ನೋಡಿದ್ದೆ.”

“ಹಂಗಾದ್ರೆ ಇನ್ನೊಂದು ಹಾಕ್ರಿ. ಇದು ಯಾಕೋ ಸರಿಯಾಗಿ ಕೂತಿರಲಿಲ್ಲ, ರೋಬೋ ಬೀಳ್ತಾ ಐತೆ.” ಅವಳು ಹೊಸದನ್ನು ಅವನ ಮುಂದಿಟ್ಟಳು. ಕೈಯಲ್ಲಿದ್ದ ವಾಷರನ್ನು ಮಾತ್ರ ಸೊಂಟದ ಚೀಲಕ್ಕೆ ಸೇರಿಸಿದಳು.

“ಈಗಲಾ?”

“ನಿಮಗೆಷ್ಟೊತ್ತಿನ ಕೆಲಸ?”

ದಿನೇಶ್ ಡಬ್ಬಿ ಅಲುಗಿಸಿ ಒಂದು ಹಿತ್ತಾಳೆ ವಾಷರ್ ಆರಿಸಿದ, ಒಂದು ಸ್ಕ್ರೂ ಆರಿಸಿದ. ಒಳ್ಳೆಯ ಕೆಲಸಗಾರ, ಕೈ ನಡುಗಲಿಲ್ಲ. ಬಿಗಿಯಾಗುವವರೆಗೆ ತಿರುಗಿಸಿ ಮುಂದೆ ಚಾಚಿದ. “ತಗೊಳ್ರಿ. ಇನ್ನು ಬೀಳಲ್ಲ.”

ಅಂಬಿಕಾ ಹಳೆಯದನ್ನು ತೆಗೆದು ಎರಡರ ಹಿಮ್ಮಡಿಯನ್ನೂ ಅವನ ಕಣ್ಣಿಗೆ ಹಿಡಿದಳು. ಹಳೆಯದರ ಗೆರೆ ನೆಟ್ಟಗೆ. ದಿನೇಶ್ ಹಾಕಿದ್ದು ಅಡ್ಡಡ್ಡ.

“ಬೆಳಿಗ್ಗೆ ನಾನು ಬಿಚ್ಚುವಾಗ ಇದರ ಗೆರೇನೂ ನೆಟ್ಟಗಿತ್ತು ದಿನೇಶ್.”

ಅವನು ಸ್ಕ್ರೂವಿನ ಡಬ್ಬಿಯನ್ನು ಕೈಗೆತ್ತಿಕೊಂಡ.

“ನಿಮ್ಮಣ್ಣನ ಈ ಹುಚ್ಚು ನೋಡಿ ನೀವೇ ಎಷ್ಟು ನಗ್ತಿದ್ರಿ. ಬೋಲ್ಟಿಗೆ ಜಾತಕ ಬರಿಯಾಕ್ಕೆ ಕೂತಾನೆ ಅಂತಿದ್ರಿ. ಅವರ ಕೈಯಾಗಲ್ದೆ ಇನ್ಯಾರ ಕೈಯಾಗೂ ಗೆರೆ ಹಂಗೆ ನಿಲ್ಲಲ್ಲ. ಎಲ್ಲಿದಾರೆ ಹೇಳ್ರಿ.”

“ಅತ್ತಿಗೆ...”

“ಬುಧವಾರ ಫೋಟೋಗೆ ಹಾರ ಹಾಕಿಸ್ತಾರೆ ನನ್ನ ಕೈಲಿ. ಬದುಕಿರೋ ಮನುಷ್ಯನ ಫೋಟೋಗೆ ಹಾರ ಹಾಕ್ಲಾ? ಎಲ್ಲಿದಾರೆ?”

ದಿನೇಶ್ ಲೇತಿನ ಅಂಚಿಗೆ ಒರಗಿದ. ಬಟ್ಟೆಯಿಂದ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಎಣ್ಣೆಯ ಪಟ್ಟೆ ಮೂಡಿತು.

“ಬದುಕಿದಾನೆ ಅಂತ ನಾನೆಲ್ಲಿ ಅಂದೆ?” ಅವನ ದನಿ ಇಳಿದಿತ್ತು. “ವಾಷರ್ ಅಣ್ಣಂದೇ. ಒಪ್ಕೊಂಡೆ. ಆದ್ರೆ ಹಾಕಿದ್ದು ಹೋದ ವರ್ಷ, ಆಯುಧಪೂಜೆಗೆ ಮುಂಚೆ. ಪುಟ್ಟಿ ಹುಟ್ಟಿದ ಹಬ್ಬಕ್ಕೆ ಅಂತ ಹೊಸ ಮಾಡೆಲ್ ತಂದು, ವಾಷರ್ ಕೂರಿಸಿ, ಟೂಲ್ ಬಾಕ್ಸಿನ ತಳದಾಗ ಮುಚ್ಚಿಟ್ಟಿದ್ದ. ಆಮೇಲೆ... ಆಮೇಲೆ ಕೊಡಾಕೆ ಅವನೇ ಇರಲಿಲ್ಲ.”

ಅಂಬಿಕಾ ಸ್ಟೂಲಿನ ಅಂಚನ್ನು ಹಿಡಿದುಕೊಂಡಳು.

“ವರ್ಷದಿಂದ ಮುಚ್ಚಿಟ್ಟಿದ್ದಾದ್ರೆ ಸುತ್ತಿದ ನೂಲು ಒಣಗಿರ್ಬೇಕಿತ್ತು. ಎಣ್ಣೆ ಇನ್ನೂ ಹಸಿ ಐತಲ್ಲ?”

“ನೂಲು ನಾನು ಇವತ್ತು ಸುತ್ತಿದ್ದು ಅತ್ತಿಗೆ. ಎಡೆ ಇಡ್ತಾರೆ ಅಂತ ತಿಮ್ಮೇಶಣ್ಣ ಫೋನ್ ಮಾಡಿದ್ರು. ಅವನ ವಸ್ತು ಅವನ ಮಗಳಿಗೆ ಅದಕ್ಕಿಂತ ಮುಂಚೆ ಸೇರ್ಲಿ ಅನ್ನಿಸ್ತು. ನಿಮ್ಮ ಮುಖ ನೋಡಿ ಕೊಡೋ ಧೈರ್ಯ ಬರಲಿಲ್ಲ, ನೇತುಹಾಕಿ ಬಂದೆ.”

ಎಲ್ಲವೂ ಸರಿಯಾಗಿ ಕೂತಿತು. ಒಂದು ಎಳೆಯೂ ಹೊರಗೆ ಉಳಿಯಲಿಲ್ಲ. ಹೊಲಿದು ಮುಗಿಸಿದ ಬಟ್ಟೆಯನ್ನು ತಿರುಗಿಸಿ ನೋಡುವ ಹಾಗೆ ಅಂಬಿಕಾ ಆ ಮಾತನ್ನು ಒಳಗೂ ಹೊರಗೂ ತಿರುಗಿಸಿ ನೋಡಿದಳು. ಬಿಚ್ಚಲು ಎಲ್ಲೂ ದಾರದ ತುದಿ ಸಿಗಲಿಲ್ಲ.

ಹಾಗಾದರೆ ಬೆಳಿಗ್ಗೆಯಿಂದ ಅವಳ ಅಂಗೈಯಲ್ಲಿ ಬೆಚ್ಚಗಿದ್ದದ್ದು ವರ್ಷದ ಹಿಂದಿನ ಒಂದು ಹಿತ್ತಾಳೆಯ ಚೂರು. ಸತ್ತ ನಕ್ಷತ್ರದ ಬೆಳಕು ತಡವಾಗಿ ಬಂದು ಮುಟ್ಟುತ್ತದೆಂದು ಸಹನಾಳ ಪಾಠ ಓದಿಸುವಾಗ ಅವಳೇ ಹೇಳಿಕೊಟ್ಟಿದ್ದಳು. ಶಾಪಿನ ಮೂಲೆಯಲ್ಲಿ ಯೋಗರಾಜನ ಕೆಲಸದ ಅಂಗಿ ಇನ್ನೂ ಮೊಳೆಗೆ ತೂಗುತ್ತಿತ್ತು, ತೋಳು ಅರ್ಧ ಮಡಚಿದ ಹಾಗೆಯೇ. ಅದನ್ನು ಕೇಳಿ ಒಯ್ಯಲೇ ಎಂದು ಯೋಚಿಸಿದಳು. ಬುಧವಾರದ ನಂತರ ಕೇಳಿದರಾಯಿತು.

“ನಡಿ ಪುಟ್ಟಿ,” ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. “ಬಸ್ಸಿಗೆ ಹೊತ್ತಾಗತೈತೆ. ದಿನೇಶ್ ಕಾಕಂಗೆ ಥ್ಯಾಂಕ್ಸ್ ಹೇಳು.”

ಸಹನಾ ಏಳಲಿಲ್ಲ.

ಅವಳು ಹಳೆಯ ರೋಬೋವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಲಗೈಯ ಹಸಿರು ಪಟ್ಟಿಯನ್ನು ಬಿಚ್ಚುತ್ತಿದ್ದಳು. ಹಲ್ಲಿನಿಂದ ಗಂಟು ಸಡಿಲಿಸಿದಳು. ಸುತ್ತು ಸುತ್ತಾಗಿ ಬಟ್ಟೆ ಕಳಚಿತು.

ಒಳಗೆ ಕೈಯೇ ಇರಲಿಲ್ಲ. ಮಣಿಕಟ್ಟಿನ ಜಾಗದಲ್ಲಿ ಒಂದು ಖಾಲಿ ತೂತು.

“ಅಯ್ಯೋ! ಇದರ ಮುಷ್ಟಿ ಎಲ್ಲಿ?” ಎಂದಳು ಅಂಬಿಕಾ.

“ಕಳದೋತು.” ಸಹನಾ ತಲೆ ಎತ್ತಲಿಲ್ಲ. “ಕೊಕ್ಕನೂರಿನ ಕಾಲುವೆಯಾಗ. ಈ ಬೇಸಿಗೆ ರಜೆಲಿ. ಅವನಿಗೆ ಈಜು ಕಲಿಸ್ತಿದ್ದೆ... ಅಪ್ಪ ಕೊಟ್ಟಿದ್ದನ್ನ ಕಳದೆ ಅಂತ ನೀನು ಅಳ್ತಿ, ಅದಕ್ಕೇ ಬಟ್ಟೆ ಕಟ್ಟಿದ್ದೆ.”

“ಬೈತೀನಿ ಅಂತ ಅಲ್ವಾ?”

“ಬೈದ್ರೆ ಬೈಸ್ಕೊತಿದ್ದೆ. ಅಳ್ತಿ ಅಂತ.”

ಅಂಬಿಕಾ ಮಗಳ ಮುಂದೆ ಮಂಡಿಯೂರಿದಳು. ಮಾತು ಹೊರಡುವ ಮೊದಲೇ ಸಹನಾ ಬೆಳಗಿನಿಂದ ಬಿಗಿಹಿಡಿದಿದ್ದ ತನ್ನ ಬಲಮುಷ್ಟಿಯನ್ನು ತೆರೆದಳು.

ಬೆವೆತ ಪುಟ್ಟ ಅಂಗೈಯ ನಡುವೆ ಗುರುತು ಮೂಡಿಸಿಕೊಂಡು ಕುಳಿತಿತ್ತು ಒಂದು ಹಿತ್ತಾಳೆಯ ಮುಷ್ಟಿ. ಕಡಲೆಕಾಳಿನಷ್ಟು. ಅರದಲ್ಲಿ ಉಜ್ಜಿ ಮೂಡಿಸಿದ ನಾಲ್ಕು ಬೆರಳು, ಮಡಚಿದ ಹೆಬ್ಬೆರಳು.

“ಬೆಳಿಗ್ಗೆ ಹೊಸಬನ ಒಳಗಿಂದ ಬಿತ್ತು. ಹೊಸಬಂಗೆ ಹಾಕಿ ನೋಡ್ದೆ, ಕೂರಲ್ಲ. ಅವನಿಗೆ ಎರಡೂ ಕೈ ಅದಾವೆ.” ಸಹನಾ ಅದನ್ನು ಹಳೆಯ ರೋಬೋದ ಖಾಲಿ ಮಣಿಕಟ್ಟಿಗೆ ಒತ್ತಿದಳು.

ಟಕ್.

ಸಡಿಲವಿಲ್ಲ, ಸಂದಿಲ್ಲ. ಅದಕ್ಕೆಂದೇ ಮಾಡಿದ್ದು.

ಹಿಂದೆ ಏನೋ ಉರುಳಿದ ಸದ್ದಾಯಿತು. ಸ್ಕ್ರೂವಿನ ಡಬ್ಬಿ ದಿನೇಶನ ಕೈಯಿಂದ ಜಾರಿ ನೆಲದ ತುಂಬ ಚೆಲ್ಲಿತ್ತು. ಅವನು ಬಗ್ಗಿ ಆಯಲಿಲ್ಲ. ಆ ಹಿತ್ತಾಳೆಯ ಮುಷ್ಟಿಯನ್ನೇ ನೋಡುತ್ತಿದ್ದ.

“ಇದು... ಇದು ಒಳಗಿತ್ತಾ?” ಎಂದ. “ನಂಗೆ ಗೊತ್ತಿರಲಿಲ್ಲ.”

ಅಂಬಿಕಾ ಅವನ ಕಡೆ ತಿರುಗಲಿಲ್ಲ. ಮಗಳ ಎರಡೂ ಕೆನ್ನೆ ಹಿಡಿದುಕೊಂಡಳು. “ಕೈ ಕಳದಿದ್ದು ಯಾರಿಗೆ ಹೇಳಿದ್ದೆ ಪುಟ್ಟಿ? ನೆನಪು ಮಾಡ್ಕೊ. ಯಾರ್ಯಾರಿಗೆ?”

“ಯಾರಿಗೂ ಇಲ್ಲ. ಅಜ್ಜಿಗೆ ಒಬ್ಬಳಿಗೆ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸ್ಕೊಂಡು ಹೇಳಿದ್ದೆ.”

ಫೋಟೋ ಈ ವರ್ಷ ಬ್ಯಾಡ ತಿಮ್ಮೇಶ.

ಎಲೆಗೆ ಸುಣ್ಣ ಸವರುತ್ತಿದ್ದ ಆ ಸುಕ್ಕು ಬೆರಳುಗಳು, ಎತ್ತದೇ ಉಳಿದ ಆ ತಲೆ ಅಂಬಿಕಾಳ ಕಣ್ಣಮುಂದೆ ಬಂದು ನಿಂತವು. ಹೊರಗೆ ಸೇತುವೆಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ದಿನೇಶ್ ಮೆಲ್ಲಗೆ ಷಟರಿನ ಬಳಿ ಹೋಗಿ, ಹೊರಗೆ ಎರಡೂ ಕಡೆ ನೋಡಿ, ಅದನ್ನು ಪೂರ್ತಿ ಕೆಳಗೆಳೆದ.

ಆ ಮಬ್ಬಿನಲ್ಲಿ ಸಹನಾ ಲಾರಿಯಣ್ಣನನ್ನು ಎದೆಗೊತ್ತಿಕೊಂಡು ಒಮ್ಮೆ ತಾಯಿಯನ್ನು, ಒಮ್ಮೆ ದಿನೇಶನನ್ನು ನೋಡಿದಳು. ತುಟಿ ತೆರೆಯಿತು, ಮುಚ್ಚಿತು. ಈ ಸಲ ಅವಳು ‘ಏನಿಲ್ಲ’ ಅನ್ನಲಿಲ್ಲ.

“ಅಮ್ಮ, ಅಪ್ಪ ಇದನ್ನೆಲ್ಲ ಹೋದ ವರ್ಷಾನೇ ಮಾಡಿಟ್ಟಿದ್ದಾದ್ರೆ, ಈ ಬೇಸಿಗೆಲಿ ಲಾರಿಯಣ್ಣನ ಕೈ ಕಳದೋಗತೈತೆ ಅಂತ ಅಪ್ಪಂಗೆ ಹೆಂಗೆ ಗೊತ್ತಾತು?”